ಹಮೀದಾಕ ಲ್ಯಾಡಲ್ ಕಟ್ಟಿದ ಮಳೆಗಾಲ

ಕಳೆದ ವಾರ ನಮ್ಮ ಕಾಲೇಜಿನ ಹಾಸ್ಟೆಲ್ ಅಡುಗೆಮನೆಯಲ್ಲಿ ಬಾಯ್ಲರಿನ ಒಲೆಬಾಯಿ ಬಿರುಕು ಬಿಟ್ಟಿತು. ಮೂಡುಬಿದಿರೆಯ ಈ ಕಾಲೇಜಿನಲ್ಲಿ ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ವಾರ್ಡನ್ನರಿಗೆ ಅಷ್ಟೇ ಸಾಕಾಯಿತು. "ಟೀಚರ್, ಮೇಸ್ತ್ರಿ ಏನೋ ಬೇರೆ ನಮೂನೆಯ ಸಿಮೆಂಟು ತಂದಿದ್ದಾನೆ, ನೀವೊಮ್ಮೆ ನೋಡ್ತೀರಾ?" ಎಂದು ಕರೆದುಕೊಂಡು ಹೋದರು. ನಾನು ಹೋಗುವ ಹೊತ್ತಿಗೆ ಮೇಸ್ತ್ರಿ ಚೀಲ ಬಿಚ್ಚಿ, ಬೂದು ಪುಡಿಗೆ ನೀರು ಹಾಕಿ ಕಲಸುತ್ತಿದ್ದ. ಹಸಿ ಸುಣ್ಣದಂಥ ವಾಸನೆ, ಅದರ ಹಿಂದೆ ಮೂಗಿಗೆ ಚುಚ್ಚುವ ಸಣ್ಣ ಅಮೋನಿಯಾ ಘಾಟು. ಸಾಮಾನ್ಯ ಸಿಮೆಂಟಿಗೆ ಆ ಘಾಟು ಇಲ್ಲ. ಆ ಘಾಟು ನನಗೆ ಗುರುತಿನದು. "ಒಲೆ ಹಚ್ಚಲು ಅವಸರ ಮಾಡಬೇಡಿ, ಪೂರ್ತಿ ಒಣಗಲಿ" ಎಂದಷ್ಟೇ ಹೇಳಿ ಹೊರಗೆ ಬಂದೆ. ಮುಂದಿನ ಪೀರಿಯಡ್ಡು ನನ್ನದಿತ್ತು, ತರಗತಿಗೆ ಹೋಗಲಾಗಲಿಲ್ಲ.

ಒಂಬತ್ತು ವರ್ಷದ ಹಿಂದಿನ ಒಂದು ಮಳೆಗಾಲದ ಬಗ್ಗೆ ಆಮೇಲೆ ಪರಿಚಯವಾದ ಯಾರಿಗೂ ನಾನು ಪೂರ್ತಿಯಾಗಿ ಹೇಳಿಲ್ಲ. ಬಿಡಿ ಬಿಡಿಯಾಗಿ ಹೇಳಿದ್ದೇನೆ, ನನಗೆ ಅನುಕೂಲವಾಗುವಷ್ಟು.

ಆಗ ನನಗೆ ಇಪ್ಪತ್ತೈದು. ನಮ್ಮ ಮನೆ ಬೆಳ್ತಂಗಡಿ ದಾಟಿ ಒಳಗೆ. ಅಪ್ಪ ಧರ್ಮಸ್ಥಳದ ಮಾರ್ಗದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಎಂ.ಎಸ್ಸಿ. ಮುಗಿಸಿದ ನನಗೆ ಬಂಟ್ವಾಳದ ಬಿ.ಸಿ.ರೋಡಿನ ಮೇಲಿನ ಗುಡ್ಡದಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಸಂದರ್ಶನವೆಂದರೆ ಒಂದು ಲೋಟ ಚಾ, ನಾಲ್ಕು ಪ್ರಶ್ನೆ. ಮರುದಿನವೇ ಒಂದು ಕೋಣೆಯ ಬಾಗಿಲಿಗೆ 'ಪ್ರಯೋಗಾಲಯ' ಎಂಬ ಬೋರ್ಡು ಹಾಕಿ ಕೀಲಿ ನನ್ನ ಕೈಗೆ ಕೊಟ್ಟರು. ಮನೆಯಲ್ಲಿ ಅಮ್ಮ ಬಂದವರಿಗೆಲ್ಲ "ಮಗಳು ಲ್ಯಾಬಿನ ಇನ್‌ಚಾರ್ಜ್" ಎಂದು ಹೇಳುತ್ತಿದ್ದಳು. ಆ ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ ಎಂಬುದನ್ನು ಅವಳು ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಕುಲುಮೆಯ ಒಳಮೈಗೆ ಹಾಕುವ ಗಾರೆ. ಊರಿನ ಸಿಮೆಂಟು ಬೆಂಕಿಯ ಮುಂದೆ ನಿಲ್ಲುವುದಿಲ್ಲ, ಕಾದರೆ ಪುಡಿಯಾಗುತ್ತದೆ. ಸುಣ್ಣವನ್ನೂ ಅಲ್ಯುಮಿನಾವನ್ನೂ ಒಟ್ಟಿಗೆ ಕರಗಿಸಿ, ತಣಿಸಿ, ಬೀಸಿದರೆ ಬರುವ ಕ್ಯಾಲ್ಸಿಯಂ ಅಲ್ಯುಮಿನೇಟ್ ಬೇರೆ ಜಾತಿ. ನೀರು ಬಿದ್ದ ಒಂದೇ ದಿನದಲ್ಲಿ ಕಲ್ಲಾಗುತ್ತದೆ, ಕುದಿಯುವ ಉಕ್ಕನ್ನು ಮಡಿಲಲ್ಲಿ ಇಟ್ಟುಕೊಂಡರೂ ಕರಗುವುದಿಲ್ಲ. ಅದನ್ನು ಜಲ್ಲಿಯ ಹಾಗೆ ಒಡೆದ, ಬೆಂಕಿ ತಡೆಯುವ ಇಟ್ಟಿಗೆಯ ಜೊತೆ ಬೆರೆಸಿ ನಾವು ಚೀಲಕ್ಕೆ ತುಂಬಿಸುತ್ತಿದ್ದೆವು. ಗೇರುಬೀಜ ಹುರಿಯುವ ಡ್ರಮ್ಮಿಗೆ, ಹೆಂಚಿನ ಗೂಡಿಗೆ, ಮೂಡುಬಿದಿರೆ ರಸ್ತೆಯಲ್ಲಿದ್ದ ಒಂದು ಉಕ್ಕಿನ ಎರಕದ ಕಾರ್ಖಾನೆಗೆ ನಮ್ಮ ಮಾಲು ಹೋಗುತ್ತಿತ್ತು. ಯಜಮಾನರು ಸುಧಾಕರಣ್ಣ. ಮಸ್ಕತ್ತಿನಲ್ಲಿ ಹೋಟೆಲು ನಡೆಸಿ ಬಂದವರು, ಕುಲುಮೆಯ ಬಗ್ಗೆ ಹೆಚ್ಚು ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲವೆಂದು ಹೇಳಲು ಅವರಿಗೆ ನಾಚಿಕೆ ಇರಲಿಲ್ಲ. ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ಗೊತ್ತಿದ್ದವರು ಹಮೀದಾಕ. ಫರಂಗಿಪೇಟೆಯವರು, ಅರವತ್ತರ ಹತ್ತಿರದ ವಯಸ್ಸು. ಸೌದಿಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಲ್ಯಾಡಲ್ ಕಟ್ಟಿದವರು. ಲ್ಯಾಡಲ್ ಎಂದರೆ ಕರಗಿದ ಉಕ್ಕನ್ನು ಕುಲುಮೆಯಿಂದ ಅಚ್ಚಿಗೆ ಒಯ್ಯುವ ದೊಡ್ಡ ಬಕೆಟ್ಟು, ಒಳಗಡೆ ಒಂದು ಗೇಣು ದಪ್ಪಕ್ಕೆ ಈ ಗಾರೆ. ಹೆಂಡತಿ ತೀರಿಕೊಂಡ ಮೇಲೆ ಮಗಳಿಗೋಸ್ಕರ ಊರಿಗೆ ಬಂದರು. ಮಗಳು ಸಫಿಯಾ ಪ್ರಾಥಮಿಕ ಶಾಲೆಯಲ್ಲಿ ಟೀಚರು, ನನಗಿಂತ ಒಂದು ವರ್ಷ ದೊಡ್ಡವಳು.

ಮೊದಲ ವಾರದಲ್ಲೇ ಹಮೀದಾಕ ನನ್ನ ಪ್ರಯೋಗಾಲಯಕ್ಕೆ ಬಂದು, ನಾನು ಅಳತೆಯ ಜಾಡಿಯಲ್ಲಿ ನೀರು ಹಿಡಿದು ಲೆಕ್ಕ ಬರೆಯುವುದನ್ನು ನೋಡುತ್ತ ನಿಂತರು. ಆಮೇಲೆ ಕಲಸಿದ ಗಾರೆಯಿಂದ ಒಂದು ಮುಷ್ಟಿ ತೆಗೆದು ಉಂಡೆ ಮಾಡಿ, ಒಂದು ಮೊಳ ಎತ್ತರಕ್ಕೆ ಹಾರಿಸಿ ಅಂಗೈಯಲ್ಲಿ ಹಿಡಿದರು.

"ನೋಡಿ ಮೇಡಂ. ಉಂಡೆ ಒಡೆದರೆ ನೀರು ಕಡಿಮೆ. ಬೆರಳಿನ ಸಂದಿಯಲ್ಲಿ ಇಳಿದರೆ ಜಾಸ್ತಿ. ಹೀಗೆ ಕೈಯಲ್ಲಿ ಕೂತುಕೊಂಡ್ರೆ ಸರಿ. ನಿಮ್ಮ ಲೆಕ್ಕ ಸುಳ್ಳು ಅಂತ ಅಲ್ಲ. ಮಳೆಗಾಲದಲ್ಲಿ ಗಾಳಿಯಲ್ಲೂ ನೀರು ಉಂಟು, ಅದನ್ನು ಜಾಡಿಯಲ್ಲಿ ಹಿಡೀಲಿಕ್ಕೆ ಆಗುದಿಲ್ಲ."

ಅವತ್ತಿನಿಂದ ಅವರು ನನಗೆ ಮೇಷ್ಟರು. ನಾನು ಅವರಿಗೆ ಇಂಗ್ಲಿಷಿನ ಕೈಪಿಡಿಗಳನ್ನು ಓದಿ ಅರ್ಥ ಹೇಳುತ್ತಿದ್ದೆ, ಅವರು ನನಗೆ ಉಕ್ಕಿನ ಕಥೆ ಹೇಳುತ್ತಿದ್ದರು. ಒಮ್ಮೆ ಪೆಟ್ಟಿಗೆಯಿಂದ ಒಂದು ಬೂದು ಬಣ್ಣದ ಕಲ್ಲು ತೆಗೆದು ತೋರಿಸಿದರು. ಅದೂ ಕ್ಯಾಲ್ಸಿಯಂ ಅಲ್ಯುಮಿನೇಟೇ, ಬೀಸದೆ ಬಿಟ್ಟದ್ದು. "ಇದನ್ನು ಲ್ಯಾಡಲಿಗೆ ಹಾಕಿದ್ರೆ ಕರಗಿ ಮೇಲೆ ತೇಲ್ತದೆ. ಉಕ್ಕಿನ ಒಳಗಿನ ಗಂಧಕ ಎಲ್ಲ ಎಳಕೊಳ್ತದೆ. ಕೆಳಗೆ ಶುದ್ಧ ಉಕ್ಕು, ಮೇಲೆ ಅದರ ಪಾಪ. ಪಾಪವನ್ನು ಬಳಿದು ಚೆಲ್ಲುದು." ಹೀಗೆ ಹೇಳಿ ತಾವೇ ನಕ್ಕರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಸಫಿಯಾ ಮಾಡಿದ ಮೀನಿನ ಪದಾರ್ಥ ನನಗೂ ಒಂದು ಪಾಲು. ನಾನು ಪಾಣೆಮಂಗಳೂರಿನಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದದ್ದು ಅವರಿಗೆ ಸರಿ ಕಾಣುತ್ತಿರಲಿಲ್ಲ. "ಭಾನುವಾರ ಊರಿಗೆ ಹೋಗುದಿಲ್ಲಾದ್ರೆ ನಮ್ಮಲ್ಲಿಗೆ ಬನ್ನಿ" ಎನ್ನುತ್ತಿದ್ದರು. ಮೂರು ಸಲ ಹೋಗಿದ್ದೆ. ಸಫಿಯಾ ಮತ್ತು ನಾನು ಹೆಚ್ಚು ಮಾತಾಡಿದವರಲ್ಲ, ಆದರೆ ಒಟ್ಟಿಗೆ ಪಾತ್ರೆ ತೊಳೆದಿದ್ದೇವೆ.

ಆ ವರ್ಷ ಜೂನ್ ಮೊದಲ ವಾರ ಹಿಡಿದ ಮಳೆ ಜುಲೈ ನಡುವಿನವರೆಗೂ ಒಂದು ಇಡೀ ದಿನ ಬಿಡುವು ಕೊಡಲಿಲ್ಲ. ನನ್ನ ಕೋಣೆಯ ಕಿಟಕಿಯಿಂದ ನೇತ್ರಾವತಿ ಕೆಂಪಾಗಿ, ಮರದ ಬೊಡ್ಡೆಗಳನ್ನು ತಿರುಗಿಸಿಕೊಂಡು ಹೋಗುವುದು ಕಾಣುತ್ತಿತ್ತು. ಗೋದಾಮಿನಲ್ಲಿ ಚೀಲಗಳ ಕೆಳಗೆ ಹಲಗೆ ಹಾಕಿ, ಮೇಲೆ ಟಾರ್ಪಾಲು ಹೊದಿಸಿದರೂ ಸಿಮೆಂಟು ತೇವ ಎಳೆಯುತ್ತಿತ್ತು. ಮುಟ್ಟಿದರೆ ಗಂಟು ಗಂಟು. ಅಂಥ ಹೊತ್ತಿನಲ್ಲಿ ಮೂಡುಬಿದಿರೆಯ ಎರಕದ ಕಾರ್ಖಾನೆಯಿಂದ ಕರೆ ಬಂತು. ಅವರ ಹಳೆಯ ಲ್ಯಾಡಲಿನ ಒಳಮೈ ಕಿತ್ತುಹೋಗಿತ್ತು, ಹೊಸದಾಗಿ ಕಟ್ಟಿ ಕೊಡಬೇಕಿತ್ತು.

ಹಮೀದಾಕ ಇಬ್ಬರು ಆಳುಗಳೊಂದಿಗೆ ಹೋಗಿ ಎರಡು ದಿನದಲ್ಲಿ ಕಟ್ಟಿದರು. ನಾನೂ ಜೊತೆಗಿದ್ದೆ. ಕಟ್ಟುವುದು ಅರ್ಧ ಕೆಲಸ, ಒಣಗಿಸುವುದು ಉಳಿದರ್ಧ. ಈ ಗಾರೆ ಗಟ್ಟಿಯಾಗುವಾಗ ನೀರನ್ನು ತನ್ನೊಳಗೆ ಕಟ್ಟಿಹಾಕಿಕೊಳ್ಳುತ್ತದೆ. ಆಮೇಲೆ ಬೆಂಕಿ ಕೊಟ್ಟಾಗ ಆ ನೀರು ಆವಿಯಾಗಿ ಹೊರಗೆ ಬರಬೇಕು. ನಿಧಾನಕ್ಕೆ ಕಾಯಿಸಿದರೆ ಬೆವರಿನ ಹಾಗೆ ಬರುತ್ತದೆ. ಅವಸರ ಮಾಡಿದರೆ ಆವಿಗೆ ದಾರಿ ಸಿಗದೆ ಒಳಗೇ ಒತ್ತಡ ಕಟ್ಟಿ, ಗೋಡೆ ಸಿಡಿಯುತ್ತದೆ. ತಂಪು ಹವೆಯಲ್ಲಿ ಕಟ್ಟಿದ ಗಾರೆ ಇನ್ನೂ ಹೆಚ್ಚು ನೀರು ಹಿಡಿಯುತ್ತದೆ, ಇನ್ನೂ ಬಿಗಿಯಾಗಿರುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಪುಸ್ತಕದಿಂದಲೂ ಗೊತ್ತಿತ್ತು, ಹಮೀದಾಕನ ಬಾಯಿಂದಲೂ ಗೊತ್ತಿತ್ತು. ಗಂಟೆಗೆ ಇಷ್ಟೇ ಡಿಗ್ರಿ ಏರಿಸಬೇಕು, ಇಂಥಲ್ಲಿ ಇಷ್ಟು ಹೊತ್ತು ನಿಲ್ಲಿಸಬೇಕು ಎಂದು ಮೂರು ದಿನದ ಪಟ್ಟಿಯನ್ನು ಬರೆದದ್ದು ನಾನೇ.

ಬುಧವಾರ ಬೆಳಿಗ್ಗೆ ಸುಧಾಕರಣ್ಣ ಪ್ರಯೋಗಾಲಯಕ್ಕೆ ಬಂದು ಕುರ್ಚಿ ಎಳೆದು ಕೂತರು.

"ಜಯಂತೀ, ಮೂಡುಬಿದಿರೆಯವರು ಶುಕ್ರವಾರ ಉಕ್ಕು ಹೊಯ್ಯಲೇಬೇಕಂತೆ. ಇಲ್ಲದಿದ್ರೆ ಅವರ ಆರ್ಡರು ಬೇರೆ ಕಡೆ ಹೋಗ್ತದೆ, ನಮ್ಮನ್ನು ಮತ್ತೆ ಕರೆಯುದಿಲ್ಲ. ಒಂದು ದಿವಸ ಕಡಿಮೆ ಮಾಡ್ಲಿಕ್ಕೆ ಆಗ್ತದಾ ನೋಡಿ. ನಿಮಗೆ ಆಗುದಿಲ್ಲ ಅಂತ ಕಂಡ್ರೆ ಬೇಡ, ನಾನು ಅವರಿಗೆ ಹೇಳ್ತೇನೆ."

ಒಂಬತ್ತು ವರ್ಷಗಳಲ್ಲಿ ಆ ಕೊನೆಯ ವಾಕ್ಯವನ್ನು ನಾನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ಅವರು ಒತ್ತಾಯ ಮಾಡಿದ್ದರೆ ನನಗೆ ಒಂದು ಆಸರೆ ಇರುತ್ತಿತ್ತು. ಅವರು ಕೇಳಿದ್ದಷ್ಟೆ. ಆಗುವುದಿಲ್ಲ ಎನ್ನಲು ನನಗೆ ಮನಸ್ಸು ಬರಲಿಲ್ಲ. ಓದಿದ ಹುಡುಗಿಯಿಂದ ಏನು ಉಪಯೋಗ ಎಂದು ಯಾರೂ ಕೇಳಿರಲಿಲ್ಲ, ಆದರೆ ಯಾರೋ ಕೇಳುತ್ತಿದ್ದಾರೆ ಎಂದೇ ನನಗೆ ಅನ್ನಿಸುತ್ತಿತ್ತು. ಆ ಸಲದ ಮಿಶ್ರಣದಲ್ಲಿ ಸಣ್ಣ ಪ್ಲಾಸ್ಟಿಕ್ ಎಳೆಗಳನ್ನು ಸೇರಿಸಿದ್ದೆವು. ಬಿಸಿಗೆ ಅವು ಕರಗಿ ಆವಿಗೆ ದಾರಿ ಬಿಡುತ್ತವೆ, ಹೀಗಾಗಿ ಬೇಗ ಕಾಯಿಸಬಹುದು ಎಂದು ಕೈಪಿಡಿಯಲ್ಲಿತ್ತು. ಅದು ಯಾವ ಹವೆಗೆ, ಎಷ್ಟು ದಪ್ಪಕ್ಕೆ ಎಂದು ಇರಲಿಲ್ಲ. ನಾನು ಒಂದು ಗಂಟೆ ಕೂತು ಹೊಸ ಪಟ್ಟಿ ಬರೆದೆ. ಮೂರು ದಿನ ಎರಡಾಯಿತು. ಕೆಳಗೆ ರುಜು ಹಾಕಿದೆ.

ಮೂಡುಬಿದಿರೆಗೆ ಹೋಗಿ ಕಾಗದ ಕೊಟ್ಟಾಗ ಹಮೀದಾಕ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಶೆಡ್ಡಿನ ತಗಡಿನ ಮೇಲೆ ಮಳೆಯ ಸದ್ದಿಗೆ ಅವರು ಹೇಳಿದ್ದನ್ನು ಕೇಳಲು ನಾನು ಹತ್ತಿರ ಬಾಗಬೇಕಾಯಿತು.

"ಇನ್ನೊಂದು ದಿವಸ ಕೊಡಿ ಮೇಡಂ. ಒಳಗೆ ನೀರು ಉಂಟು. ಬಡಿದು ನೋಡಿದೆ, ಸ್ವರ ಇನ್ನೂ ಮೊದ್ದು."

"ಎಳೆ ಹಾಕಿದ್ದೇವಲ್ಲ ಹಮೀದಾಕ. ಲೆಕ್ಕ ಸರಿ ಉಂಟು. ನಾನು ಎರಡು ಸಲ ನೋಡಿದ್ದೇನೆ."

ಅವರು ಮತ್ತೊಮ್ಮೆ ಕಾಗದ ನೋಡಿದರು, ಮತ್ತೆ ನನ್ನ ಮುಖ ನೋಡಿದರು. "ನೀವು ಎರಡು ಸಲ ನೋಡಿದ್ದೀರಾದ್ರೆ ಆಯ್ತು" ಎಂದು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನಾನು ಸಿಟ್ಟಿನಿಂದಲಾದರೂ ಇನ್ನೊಮ್ಮೆ ಯೋಚಿಸುತ್ತಿದ್ದೆನೇನೋ. ನನ್ನನ್ನು ನಂಬಿಯೇ ಅವರು ಆ ಮಾತು ಹೇಳಿದ್ದರು.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಅದು ಸಿಡಿಯಿತು. ನಾನು ಇಪ್ಪತ್ತು ಹೆಜ್ಜೆ ದೂರದ ಕಚೇರಿಯಲ್ಲಿ ಚಾ ಕುಡಿಯುತ್ತಿದ್ದೆ. ಲಾರಿಯ ಟಯರು ಒಡೆದಂಥ ಸದ್ದು, ಅದರ ಬೆನ್ನಿಗೆ ಇನ್ನೊಂದು. ಓಡಿ ಹೋದರೆ ಶೆಡ್ಡಿನ ತುಂಬ ಬಿಳಿ ಆವಿ. ಲ್ಯಾಡಲಿನ ಮೇಲೆ ಮುಚ್ಚಿದ್ದ ಕಬ್ಬಿಣದ ಮುಚ್ಚಳ ಓರೆಯಾಗಿ ಬಿದ್ದಿತ್ತು, ಕಾದ ಗಾರೆಯ ಚಕ್ಕೆಗಳು ನೆಲದ ಮೇಲೆ ಚೆಲ್ಲಿದ್ದವು. ಆಳುಗಳಿಬ್ಬರೂ ಊಟ ತಡವಾಯಿತೆಂದು ಹೊರಗೆ ಹೋಗಿದ್ದರು. ಬರ್ನರಿನ ವಾಲ್ವಿನ ಹತ್ತಿರ ಹಮೀದಾಕ ಒಬ್ಬರೇ. ಬಿದ್ದಿದ್ದರೂ ಅವರ ಕೈ ವಾಲ್ವಿನ ಮೇಲಿತ್ತು. ಅದನ್ನು ಬಂದ್ ಮಾಡಿದ್ದರು. ಮುಖ, ಎದೆ, ಎಡತೋಳು. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಮೂರನೆಯ ದಿನ ಅವರಿಗೆ ಮಾತು ಸ್ಪಷ್ಟವಾಗಿ ಬರುತ್ತಿತ್ತು. ಹೇಳಿಕೆ ಬರೆದುಕೊಳ್ಳಲು ಒಬ್ಬ ಪೊಲೀಸಿನವರೂ ಕಾರ್ಖಾನೆ ಇಲಾಖೆಯ ಒಬ್ಬ ಅಧಿಕಾರಿಯೂ ಬಂದರು. ನಾನು ಮಂಚದ ಕಾಲ ಬುಡದಲ್ಲಿ ನಿಂತಿದ್ದೆ. ಹೇಗಾಯಿತು ಎಂದು ಕೇಳಿದರು.

"ನನ್ನದೇ ತಪ್ಪು ಸಾರ್" ಎಂದರು ಹಮೀದಾಕ. "ಬೆಂಕಿ ಸ್ವಲ್ಪ ಜಾಸ್ತಿ ಕೊಟ್ಟೆ. ಬೇಗ ಮುಗಿಸುವ ಅಂತ ಗಡಿಬಿಡಿ ಮಾಡಿದ್ದು."

ಅಧಿಕಾರಿ ಬರೆದುಕೊಂಡರು. ನನ್ನ ಕಡೆ ತಿರುಗಿ, "ನೀವು ಕೊಟ್ಟ ಸೂಚನೆ ಏನಿತ್ತು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಮೀದಾಕ, "ಅವರು ಮೂರು ದಿವಸ ಅಂತ ಹೇಳಿದ್ದು ಸಾರ್, ನಾನು ಕೇಳ್ಲಿಲ್ಲ" ಎಂದರು. ಅಧಿಕಾರಿ ನನ್ನನ್ನು ನೋಡುತ್ತಲೇ ಇದ್ದರು. ನಾನು ತಲೆ ಆಡಿಸಿದೆ. ಹೌದು ಎಂದೋ ಅಲ್ಲ ಎಂದೋ ನನಗೇ ಗೊತ್ತಿಲ್ಲ. ಅವರು ಹೌದು ಎಂದು ಬರೆದುಕೊಂಡರು.

ಅವರೆಲ್ಲ ಹೋದ ಮೇಲೆ ಹಮೀದಾಕ ಬ್ಯಾಂಡೇಜು ಕಟ್ಟಿದ ಕೈಯನ್ನು ಸ್ವಲ್ಪ ಎತ್ತಿ ಹತ್ತಿರ ಕರೆದರು.

"ಕಾಗದದ ಇನ್ನೊಂದು ಪ್ರತಿ ಎಲ್ಲುಂಟು?"

"ನನ್ನ ಹತ್ರ. ಫೈಲಿನಲ್ಲಿ."

"ಹರಿದು ಬಿಸಾಡಿ. ನನ್ನ ಕಿಸೆಯಲ್ಲಿ ಇದ್ದದ್ದು ಸುಟ್ಟುಹೋಗಿದೆ."

"ಯಾಕೆ ಹಾಗೆ ಹೇಳಿದ್ರಿ ಹಮೀದಾಕ?" ಎಂದು ಕೇಳಿದೆ.

"ನನಗೆ ಇನ್ನು ಕೆಲಸ ಉಂಟಾ, ಇಲ್ಲ. ನಿಮಗೆ ಉಂಟು. ಬಡಿದು ನೋಡಿದ್ದು ನಾನು. ಗೊತ್ತಿದ್ದೂ ಬೆಂಕಿ ಕೊಟ್ಟದ್ದು ನಾನು. ಪೂರ್ತಿ ಸುಳ್ಳೇನೂ ಅಲ್ಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು, "ಸಫಿಯಾನ ಹತ್ರ ಮಾತಾಡ್ತಾ ಇರಿ. ಅವಳಿಗೆ ಹೆಚ್ಚು ಜನ ಇಲ್ಲ" ಎಂದರು.

ಹನ್ನೊಂದನೆಯ ದಿನ ಬೆಳಿಗ್ಗೆ ತೀರಿಕೊಂಡರು. ಫರಂಗಿಪೇಟೆಯಲ್ಲಿ ಮಳೆಯಲ್ಲೇ ದಫನ ಆಯಿತು. ಸುಧಾಕರಣ್ಣ ಹೆದ್ದಾರಿಯ ಬದಿಯಲ್ಲಿ ಕಾರಿನೊಳಗೆ ಕೂತು ಸ್ಟೇರಿಂಗಿಗೆ ಹಣೆ ಕೊಟ್ಟು ಅತ್ತರು. ನಾನು ಎರಡು ದಿನದ ಪಟ್ಟಿಯ ವಿಷಯ ಎತ್ತಿದೆ. "ಕೇಳಿದ್ದು ನಾನು, ಬರೆದದ್ದು ನೀವು. ಅವರೇ ಮುಗಿಸಿ ಹೋಗಿದ್ದಾರೆ. ಈಗ ಅದನ್ನು ಬಿಚ್ಚಿ ಯಾರಿಗೆ ಏನು ಸಿಗ್ತದೆ ಹೇಳಿ" ಎಂದರು. ಆ ಮಾತು ನನಗೆ ಬೇಕಾಗಿತ್ತು. ತೆಗೆದುಕೊಂಡೆ. ಪ್ರತಿಯನ್ನು ಮಾತ್ರ ಹರಿಯಲಿಲ್ಲ. ಧೈರ್ಯವೆಂದು ತಿಳಿಯಬೇಡಿ, ಮುಟ್ಟಲು ಕೈ ಬರಲಿಲ್ಲ, ಅಷ್ಟೆ.

ಆಮೇಲೆ ಮಾತು ಶುರುವಾಯಿತು. ಬಿ.ಸಿ.ರೋಡಿನ ಹೋಟೆಲಿನಲ್ಲಿ, ಬಸ್ಸಿನಲ್ಲಿ, ನಮ್ಮ ಶೆಡ್ಡಿನಲ್ಲಿ. ಗಲ್ಫಿನಿಂದ ಬಂದವರಿಗೆ ತಮಗೆ ಎಲ್ಲ ಗೊತ್ತು ಎಂಬ ಹಮ್ಮು, ಓದಿದ ಮೇಡಂ ಹೇಳಿದ್ದನ್ನು ಕೇಳಲಿಲ್ಲ, ಇಪ್ಪತ್ತು ವರ್ಷ ಏನು ಕಲಿತರೋ. ಅವರ ಕೈಕೆಳಗೆ ಕೆಲಸ ಕಲಿತ ಆಳುಗಳೇ ಹೀಗೆ ಹೇಳಿದರು. ನಾನು ಅಲ್ಲೇ ಕೂತು ಕೇಳಿದೆ. ಕೆಲವರು ನನ್ನನ್ನು ಸಮಾಧಾನ ಮಾಡಿದರು.

ಆಗಸ್ಟಿನ ಮೊದಲಲ್ಲಿ ಸಫಿಯಾ ಕಾರ್ಖಾನೆಗೆ ಬಂದಳು. ಅವಳು ಉಪ್ಪ ಎಂದು ಕರೆಯುತ್ತಿದ್ದ ತಂದೆಯ ಪೆಟ್ಟಿಗೆ, ಕರಣೆ, ಊಟದ ಡಬ್ಬಿ ಒಯ್ಯಲು. ಎಲ್ಲವನ್ನೂ ನಾನೇ ಒರೆಸಿ ಇಟ್ಟಿದ್ದೆ. ಅವಳು ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು.

"ಒಂದು ಕೇಳ್ತೇನೆ. ಉಪ್ಪ ಕೆಲಸದಲ್ಲಿ ಹಾಗೆ ಗಡಿಬಿಡಿ ಮಾಡ್ತಿದ್ರಾ?"

ಪ್ರಯೋಗಾಲಯದಲ್ಲಿ ನಾವಿಬ್ಬರೇ. ಫೈಲು ನನ್ನ ಮೊಣಕೈಯ ಪಕ್ಕದಲ್ಲಿತ್ತು.

"ಅವತ್ತು ನಾನು ಕಚೇರಿಯಲ್ಲಿದ್ದೆ ಸಫಿಯಾ. ನನಗೆ ಸರಿಯಾಗಿ ಗೊತ್ತಿಲ್ಲ" ಎಂದೆ.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ "ಆಯ್ತು" ಎಂದು ಕೊಡೆ ಬಿಡಿಸಿ ಗುಡ್ಡ ಇಳಿದಳು. ಪೆಟ್ಟಿಗೆ ಭಾರವಿತ್ತು. ಎರಡು ಸಲ ಕೆಳಗಿಟ್ಟು ಕೈ ಬದಲಿಸಿದ್ದನ್ನು ಕಿಟಕಿಯಿಂದ ನೋಡಿದೆ.

ಮುಂದಿನ ಹದಿನೈದು ದಿನ ನಾನು ಕೆಲಸಕ್ಕೆ ಹೋದೆ, ಚೀಲಗಳಿಗೆ ಚೀಟಿ ಬರೆದೆ, ಊಟ ಮಾಡಿದೆ. ಒಂದು ಭಾನುವಾರ ಊರಿಗೆ ಹೋದಾಗ ಅಪ್ಪ ಬಸ್ಸಿನಲ್ಲಿ ಕೇಳಿದ ಮಾತನ್ನು ನನ್ನ ಮುಂದೆಯೇ ಅಮ್ಮನಿಗೆ ಹೇಳಿದರು. "ಆ ಮೇಸ್ತ್ರಿ ಇವಳು ಹೇಳಿದ ಹಾಗೆ ಕೇಳಿದ್ರೆ ಬದುಕ್ತಿದ್ದ." ಅಮ್ಮ ನನ್ನ ತಲೆ ಸವರಿ, "ನೀನು ಬೇಸರ ಮಾಡ್ಬೇಡ, ನಿನ್ನ ಕೆಲಸ ನೀನು ಸರಿಯಾಗಿ ಮಾಡಿದ್ದೀ" ಎಂದಳು. ನಾನು ಊಟದ ಮುಂದಿನಿಂದ ಎದ್ದೆ. ನಡೆದದ್ದನ್ನು ಅವರಿಬ್ಬರಿಗೂ ಹೇಳಿದೆ, ಮೊದಲ ಸಲ. ಅಪ್ಪ ಕೈ ತೊಳೆದು ಬಂದು, "ನಾಳೆ ಬೆಳಿಗ್ಗೆ ನಾನೂ ಬರ್ತೇನೆ, ಇಲಾಖೆಯ ಆಫೀಸಿಗೆ ಹೋಗುವ" ಎಂದಷ್ಟೇ ಹೇಳಿದರು.

ಇಲಾಖೆಯ ಅಧಿಕಾರಿಯ ಮೇಜಿನ ಮೇಲೆ ನನ್ನ ರುಜು ಇದ್ದ ಪ್ರತಿಯನ್ನಿಟ್ಟೆ. ಎರಡು ದಿನದ ಪಟ್ಟಿ. ಬರ್ನರಿನ ಪಕ್ಕದ ಪುಸ್ತಕದಲ್ಲಿ ಹಮೀದಾಕ ಗಂಟೆಗಂಟೆಗೂ ಬರೆದಿಟ್ಟ ಉಷ್ಣತೆಯನ್ನು ಅವರು ತರಿಸಿ ಹೋಲಿಸಿ ನೋಡಿದರು. ಒಂದು ಡಿಗ್ರಿಯೂ ಆಚೀಚೆ ಇರಲಿಲ್ಲ. ನಾನು ಬರೆದುಕೊಟ್ಟ ಹಾಗೆಯೇ, ಅಕ್ಷರ ತಪ್ಪದೆ ಅವರು ಬೆಂಕಿ ಕೊಟ್ಟಿದ್ದರು. ಆ ಪುಸ್ತಕ ಅಷ್ಟು ದಿನವೂ ಮೂಡುಬಿದಿರೆಯ ಶೆಡ್ಡಿನಲ್ಲೇ ಇತ್ತು, ಯಾರೂ ತೆರೆದಿರಲಿಲ್ಲ.

ವರದಿ ಬದಲಾಯಿತು. ಕೇಸು ನಡೆಯಿತು, ಎರಡು ವರ್ಷ ಎಳೆಯಿತು. ಸುಧಾಕರಣ್ಣ ತಮ್ಮ ಪಾಲನ್ನು ತಾವೇ ಒಪ್ಪಿಕೊಂಡು ದಂಡ ಕಟ್ಟಿದರು, ಕಾರ್ಖಾನೆ ಮುಚ್ಚಿದರು. ನನ್ನೊಡನೆ ಮತ್ತೆ ಮಾತಾಡಲಿಲ್ಲ. ನನಗೆ ಶಿಕ್ಷೆ ಎಂದು ಹೇಳುವಂಥದ್ದು ಏನೂ ಆಗಲಿಲ್ಲ. ಎಚ್ಚರಿಕೆ ಕೊಟ್ಟು ಬಿಟ್ಟರು. ಆ ಉದ್ಯಮದಲ್ಲಿ ಮತ್ತೆ ಕೆಲಸ ಕೇಳಲು ನಾನು ಹೋಗಲಿಲ್ಲ.

ಇಲಾಖೆಗೆ ಪ್ರತಿ ಕೊಟ್ಟ ದಿನ ಮಧ್ಯಾಹ್ನವೇ ಅಪ್ಪನನ್ನು ಬಸ್ಸು ಹತ್ತಿಸಿ ನಾನು ಫರಂಗಿಪೇಟೆಗೆ ಹೋದೆ. ಸಫಿಯಾ ಶಾಲೆಯಿಂದ ಆಗಷ್ಟೇ ಬಂದಿದ್ದಳು. ಒಳಗೆ ಕರೆದಳು, ಕುರ್ಚಿ ತೋರಿಸಿದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮೂರು ದಿನ, ಎರಡು ದಿನ, ರುಜು, ಆಸ್ಪತ್ರೆ, ಅವಳು ಪೆಟ್ಟಿಗೆ ಒಯ್ಯಲು ಬಂದ ದಿನ ನಾನು ಆಡಿದ ಮಾತು. ಮುಗಿದ ಮೇಲೆ ಹೇಳಿದಳು.

"ನನಗೆ ಗೊತ್ತಿತ್ತು. ಉಪ್ಪ ಆಸ್ಪತ್ರೆಯಲ್ಲೇ ಹೇಳಿದ್ರು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸಿಕೊಂಡಿದ್ರು. ಆ ದಿವಸ ನಾನು ಪೆಟ್ಟಿಗೆಗೆ ಬಂದದ್ದಲ್ಲ. ನಾನು ಕೇಳಿದ್ರೆ ನೀವು ಹೇಳ್ತೀರಿ ಅಂತ ಬಂದದ್ದು."

ನಾನು ಏನೋ ಹೇಳಲು ಹೊರಟೆ. ಕ್ಷಮಿಸಿ ಎಂದೇ ಇರಬೇಕು.

"ಬೇಡ" ಎಂದಳು. ಸ್ವರ ಏರಿಸಲಿಲ್ಲ. "ಉಪ್ಪ ನಿಮ್ಮನ್ನು ಕ್ಷಮಿಸಿಯಾಗಿದೆ. ಅದು ಅವರದ್ದು, ಅವರು ಕೊಟ್ಟದ್ದು. ನನ್ನ ಹತ್ರ ಅದು ಇಲ್ಲ. ಇಲ್ಲದ್ದನ್ನು ಹೇಗೆ ಕೊಡುದು?"

ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು. ನಾನು ಕುಡಿದೆ. ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದೆ. ಅವಳೇ ಬಂದು ತೆಗೆದುಕೊಂಡಳು. ನನ್ನ ಬೆರಳು ಅವಳ ಬೆರಳಿಗೆ ತಾಗಿತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅಲ್ಲಿ ನಿಲ್ಲಿಸಲೂ ಇಲ್ಲ.

"ಮಳೆ ಬರ್ತದೆ, ಹೊರಡಿ" ಎಂದಳು. "ಇನ್ನು ಬರ್ಬೇಡಿ."

ನಾನು ಗೇಟು ದಾಟಿ ಹೆದ್ದಾರಿಗೆ ಬಂದೆ. ತಿರುಗಿ ನೋಡಿದಾಗ ಅವಳು ಅಂಗಳದಲ್ಲಿ ಒಣಗಲು ಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಅಲ್ಲಿಗೆ ನಾನು ಮತ್ತೆ ಹೋಗಿಲ್ಲ.